ಕಮಾನಿನ ಪಡಸಾಲೆಗೆ ಮತ್ತೆ ಗಚ್ಚು

ವಿಜಯಪುರದ ಹಳೇ ಪೇಟೆಯಲ್ಲಿ ನಮ್ಮ ಅಜ್ಜನ ಮನೆ ಇದೆ. ಬೀದಿಗೆ ಮುಖ ಮಾಡಿದ ಐದು ಕಮಾನಿನ ಪಡಸಾಲೆ. ಕೆಳಗೆ ಜೋಳದ ಅಂಗಡಿ ಇತ್ತು, ಮೇಲೆ ನಮ್ಮ ವಾಸ. ಎರಡು ವರ್ಷದ ಹಿಂದೆ ಮೂರನೇ ಕಮಾನಿನ ನೆತ್ತಿಯ ಕಲ್ಲು ಎರಡು ಬೆರಳಷ್ಟು ಕೆಳಗೆ ಜಾರಿತು. "ಕೆಡವಿ ಬೀಮ್ ಹಾಕಿಸಿಬಿಡಿ" ಅಂದವರೇ ಜಾಸ್ತಿ. ನನಗೆ ಮನಸ್ಸಾಗಲಿಲ್ಲ. ಊರಲ್ಲೇ ಆದಿಲ್ ಶಾಹಿಗಳ ಹಳೇ ಅರಮನೆ ಗಗನ ಮಹಲ್ ಇದೆಯಲ್ವಾ? 1561ರದ್ದು, ನಡುವಿನ ಕಮಾನೇ ಸುಮಾರು 60 ಅಡಿ ಅಗಲ. ಬೀಮ್ ಇಲ್ಲದೆ ನಿಂತಿದೆ.

ನಮ್ಮ ಮನೆಯನ್ನು ಕೆಡಿಸಿದ್ದು ವಯಸ್ಸಲ್ಲ, 20 ವರ್ಷದ ಹಿಂದೆ ನಾವೇ ಮಾಡಿಸಿದ ಸಿಮೆಂಟ್ ಗಿಲಾವು. ಗೆಣ್ಣಿನಿಂದ ತಟ್ಟಿದರೆ ಅಲ್ಲಲ್ಲಿ ಡಬ್ ಡಬ್ ಅನ್ನುತ್ತಿತ್ತು. ಉಳಿ ಹಾಕಿ ಮೀಟಿದಾಗ ಹಪ್ಪಳದ ಹಾಗೆ ದೊಡ್ಡ ತುಂಡು ಕಿತ್ತು ಬಂತು. ಒಳಗೆ ಹಳೇ ಗಚ್ಚು, ಅಂದರೆ ಸುಣ್ಣದ ಗಾರೆ, ನೆನೆದ ಹಿಟ್ಟಿನಂತಾಗಿತ್ತು. ಕಪ್ಪು ಕಲ್ಲಿನ ಮೇಲೆ ಬಿಳಿ ಉಪ್ಪು ಕೂತಿತ್ತು. ಸುಣ್ಣದ ಗೋಡೆ ತಾನು ಕುಡಿದ ನೀರನ್ನು ಹೊರಗೆ ಆರಲು ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿಬಿಡುತ್ತದೆ.

ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗಲು ಮೂರು ತಿಂಗಳು ಹಿಡಿಯಿತು. ಸಿಕ್ಕವರು ವಯಸ್ಸಾದವರು. "ಕಾಕಾ, ದೀಪಾವಳಿಯೊಳಗ ಮುಗೀತದೇನ್ರಿ?" ಅಂದೆ. "ದೀಪಾವಳಿ ಆದ ಮ್ಯಾಲೆ ಸುರು ಮಾಡೋಣ್ರಿ. ಸುಣ್ಣಕ್ಕ ಬಿಸಿಲು ಆಗಂಗಿಲ್ಲ" ಅಂದರು.

ಅಷ್ಟರಲ್ಲಿ ಸುಣ್ಣ ನೆನೆಹಾಕಿದೆವು. ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ, ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ. ಮೂರು ವಾರಕ್ಕೆ ಬೆಣ್ಣೆಯಂತಾಯಿತು. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಕರಣೆ ಬೋರಲು ಮಾಡಿದರೂ ಗಚ್ಚು ಬೀಳಬಾರದು, ಕಾಕಾ ಅಲ್ಲಿಯವರೆಗೆ ಅರೆಸಿದರು.

ಆಸರೆ ಕೊಡುವಾಗ ಕೆಟ್ಟ ಕಮಾನಿಗೆ ಮಾತ್ರ ಕೊಟ್ಟರೆ ಸಾಲದು. ಸಾಲು ಕಮಾನುಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ಒಂದನ್ನು ಬಿಚ್ಚಿದರೆ ಪಕ್ಕದ ಕಂಬ ವಾಲುತ್ತದೆ. ಹಾಗಾಗಿ ಐದಕ್ಕೂ ಮರದ ಆಸರೆ ನಿಲ್ಲಿಸಿದೆವು. ಕಲ್ಲುಗಳಿಗೆ ನಂಬರ್ ಬರೆದು ಇಳಿಸಿದೆವು. ಎರಡೂ ಬದಿಯಿಂದ ಸಮನಾಗಿ ಏರಿಸಿ, ಕೊನೆಗೆ ನೆತ್ತಿಯ ಕಲ್ಲನ್ನು ಮರದ ಕೊಡತಿಯಿಂದ ತಟ್ಟಿ ಕೂರಿಸಿದರು.

ಆಮೇಲೆ ಹದಿನೈದು ದಿನ ಒದ್ದೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ದು ನಾನೇ. ಬೇಗ ಒಣಗಿದರೆ ಬಿರುಕು ಬರುತ್ತದೆ. ಗಾಳಿ ಎಳೆದುಕೊಳ್ಳುತ್ತಾ ಸುಣ್ಣ ನಿಧಾನವಾಗಿ ಮತ್ತೆ ಕಲ್ಲಾಗಬೇಕು.

ಆಸರೆ ತೆಗೆದ ದಿನ ನೆತ್ತಿಯ ಕೆಳಗೆ ದಾರ ಕಟ್ಟಿ ಕೂತಿದ್ದೆ. ಸಂಜೆವರೆಗೂ ಕಲ್ಲು ದಾರ ಮುಟ್ಟಲಿಲ್ಲ. ಇನ್ನೂ ಎರಡು ಕಮಾನಿನ ಸಿಮೆಂಟ್ ಕೀಳಿಸಬೇಕು. ಸುಣ್ಣ ಈಗಾಗಲೇ ತೊಟ್ಟಿಯಲ್ಲಿ ನೆನೆಯುತ್ತಿದೆ.