ಹಸಿರು ರ‍್ಯಾಮ್ ಸ್ಟಿಕ್ 3600ರಲ್ಲಿ ಓಡಿತು, ಅದೂ ರಾಯಚೂರಿನ ಮೇ ತಿಂಗಳಲ್ಲಿ

ಹೀಟ್‌ಸಿಂಕ್ ಇಲ್ಲ, ಎಕ್ಸ್‌ಎಂಪಿ ಪ್ರೊಫೈಲ್ (ಕಂಪನಿಯೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಇಲ್ಲ, ಬಣ್ಣದ ಲೈಟ್ ಅಂತೂ ಇಲ್ಲವೇ ಇಲ್ಲ. 2666ರ ವೇಗಕ್ಕೆ ಮಾಡಿದ ಬರೀ ಹಸಿರು ಡಿಡಿಆರ್4 ರ‍್ಯಾಮ್ ಸ್ಟಿಕ್. ಅಂಥ ಎಂಟು ಸ್ಟಿಕ್ ಒಬ್ಬ ಗಿರಾಕಿಯ ಗೇಮಿಂಗ್ ಸೆಂಟರಿನ ನಾಲ್ಕು ಕಂಪ್ಯೂಟರ್‌ಗಳಲ್ಲಿ 3600ರಲ್ಲಿ ಓಡುತ್ತಿವೆ. ಒಂದು ಪೂರ್ತಿ ಬೇಸಿಗೆ ದಾಟಿವೆ. ಒಂದು ನೀಲಿ ಪರದೆಯ ದೂರೂ ಬಂದಿಲ್ಲ.

ಆಗಲ್ಲ ಅಂದವರೇ ಜಾಸ್ತಿ. ಸಿಕಂದರಾಬಾದಿನ ಸಿಟಿಸಿ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ನನಗೆ ಮಾಲು ಕೊಡುವ ವ್ಯಾಪಾರಿ "ನಕ್ಕೋ ಭಾಯ್, ಪೈಸೆ ಹಾಳು" ಅಂದ. ಇಲ್ಲಿ ಸ್ಟೇಷನ್ ರಸ್ತೆಯಲ್ಲಿ ನನಗಿಂತ ಹಳೇ ಕಂಪ್ಯೂಟರ್ ಅಸೆಂಬ್ಲರ್ ಒಬ್ಬರಿದ್ದಾರೆ. ಅವರು, "ತಮ್ಮಾ, ಒಂದೊಂದು ಹಳೇ ಗ್ರಾಫಿಕ್ಸ್ ಕಾರ್ಡ್ ಹಾಕಿ ಕೊಟ್ಟು ಕೈ ತೊಳಕೋ" ಅಂದರು. ಲೆಕ್ಕ ಹಾಕಿ ನೋಡಿದೆ. ಹಳೇ ಕಾರ್ಡ್ ಅಂದರೆ ಗ್ಯಾರಂಟಿ ಇಲ್ಲ, ಜೊತೆಗೆ ದೊಡ್ಡ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೇಕು. ಕಂಪ್ಯೂಟರ್ ಒಂದಕ್ಕೆ ಆರೇಳು ಸಾವಿರ ಮೇಲೆ ಹೋಗುತ್ತಿತ್ತು. ಗಿರಾಕಿಯ ಹತ್ತಿರ ಅಷ್ಟು ದುಡ್ಡು ಇರಲಿಲ್ಲ.

ಹಾಗಾಗಿ ರೈಜೆನ್ 5 5600ಜಿ ಪ್ರೊಸೆಸರ್, ಸಾದಾ ಬಿ450 ಮದರ್‌ಬೋರ್ಡ್. ಇದರ ಒಳಗಿನ ವೇಗಾ 7 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಉಣ್ಣಬೇಕು. ಎರಡು ಚಾನೆಲ್‌ನ 2666ರಲ್ಲಿ ಕಾಗದದ ಮೇಲೆ ಸೆಕೆಂಡಿಗೆ 42 ಜಿಬಿ ಚಿಲ್ಲರೆ, 3600ರಲ್ಲಿ 57 ಚಿಲ್ಲರೆ. ಬೇರೆ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ರ‍್ಯಾಮ್ ಏರಿಸಿದರೆ ಗೊತ್ತಾಗುವುದೇ ಇಲ್ಲ ಅನ್ನುವವರು ಇದರಲ್ಲಿ ಒಮ್ಮೆ ಏರಿಸಿ ನೋಡಬೇಕು.

ಮೊದಲು ಸ್ಟಿಕ್ ಆರಿಸಿದ ಕಥೆ. ದುಡ್ಡು ಸೋರಿದ್ದು ಇಲ್ಲೇ. ಮೊದಲ ಕಂತಿನಲ್ಲಿ ಒಂದೇ ಕಂಪನಿಯ, ಒಂದೇ ಲೇಬಲ್‌ನ ಸ್ಟಿಕ್‌ಗಳನ್ನು ಹೊಸದಾಗಿ ತಂದೆ. ಸ್ಟಿಕರ್ ಒಂದೇ, ಒಳಗಿನ ಚಿಪ್ ಮೂರು ಥರ! ಒಂದು ಜೋಡಿ 3200ಕ್ಕೇ ಸುಸ್ತು. ಇನ್ನೊಂದು ಜೋಡಿಯಲ್ಲಿ ಚಿಪ್ ಇದ್ದದ್ದೇ ನಾಲ್ಕು. 8 ಜಿಬಿಯ ಸ್ಟಿಕ್‌ನಲ್ಲಿ ನಾಲ್ಕೇ ಚಿಪ್ ಇದ್ದರೆ ಅದು x16, ಅಂದರೆ ಚಿಪ್ ಒಂದಕ್ಕೆ 16 ಬಿಟ್ ಅಗಲದ ದಾರಿ. ಅದರ ಒಳಗೆ ಸರದಿಯಲ್ಲಿ ಕೆಲಸ ಮಾಡುವ ಗುಂಪು (ಬ್ಯಾಂಕ್ ಗ್ರೂಪ್) ಎರಡೇ, ಎಂಟು ಚಿಪ್‌ನ x8ರಲ್ಲಿ ನಾಲ್ಕು. ಅದೇ ಸ್ಪೀಡ್ ಬರೆದಿದ್ದರೂ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಅವನ್ನು ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳಿಗೆ ಹಾಕಿ, ಸ್ವಲ್ಪ ನಷ್ಟಕ್ಕೇ ಕೊಟ್ಟು ಮುಗಿಸಿದೆ.

ಆಮೇಲೆ ಹೊಸದರ ಗೊಡವೆ ಬಿಟ್ಟೆ. ಸಿಟಿಸಿಯಲ್ಲಿ ಆಫೀಸ್ ಕಂಪ್ಯೂಟರ್‌ಗಳಿಂದ ಕಿತ್ತ ಸ್ಟಿಕ್‌ಗಳು ಡಬ್ಬಿಗಟ್ಟಲೆ ಸಿಗುತ್ತವೆ. ಮೊಬೈಲ್ ಟಾರ್ಚ್ ಹಾಕಿ ಚಿಪ್ ಮೇಲಿನ ಸಣ್ಣ ಅಕ್ಷರ ಓದುತ್ತಾ ಕೂತೆ. ನನಗೆ ಬೇಕಿದ್ದದ್ದು ಮೈಕ್ರಾನ್ ಕಂಪನಿಯ ಇ-ಡೈ ಅನ್ನುವ ಚಿಪ್. ಒಂದು ಬದಿಯಲ್ಲಿ ಎಂಟು ಚಿಪ್, ಎರಡನೇ ಸಾಲಿನಲ್ಲಿ ಡಿ9ವಿಪಿಪಿ ಅಂತ ಇದ್ದರೆ ತಕ್ಷಣ ಪಕ್ಕಕ್ಕೆ. ಸ್ಟಿಕ್‌ನ ವಿವರ ಓದುವ ಥೈಫೂನ್ ಬರ್ನರ್ ಸಾಫ್ಟ್‌ವೇರ್ ಹೇಳಿದ್ದನ್ನೇ ನಂಬಬೇಡಿ, ಅದು ಎಷ್ಟೋ ಸಲ ಅಂದಾಜು ಹೇಳುತ್ತದೆ. ಕಣ್ಣಿಗೆ ಕಂಡ ಅಕ್ಷರವೇ ಖಾತ್ರಿ. ಒಂದಕ್ಕೆ ಸಾವಿರದ ಆಚೀಚೆ ಕೊಟ್ಟ ನೆನಪು. 3600ರ ಎಕ್ಸ್‌ಎಂಪಿ ಕಿಟ್ (ಎರಡು ಸ್ಟಿಕ್‌ನ ಜೋಡಿ) ಆಗ ನಾಲ್ಕೂವರೆ ಸಾವಿರದ ಹತ್ತಿರ ಇತ್ತು. ಅಂದರೆ ಕಂಪ್ಯೂಟರ್ ಒಂದಕ್ಕೆ ಎರಡೂವರೆ ಸಾವಿರ ಉಳಿತಾಯ. 2025ರ ಕೊನೆಗೆ ರ‍್ಯಾಮ್ ಬೆಲೆ ಎದ್ದು ಕೂತಿತಲ್ಲ, ಆಮೇಲೆ ಅದೇ ಡಬ್ಬಿಯ ಸ್ಟಿಕ್ ಕೇಳಿದರೆ ವ್ಯಾಪಾರಿ ದುಪ್ಪಟ್ಟಿಗಿಂತ ಜಾಸ್ತಿ ಹೇಳಿದ.

ಮೊದಲ ಜೋಡಿ ಹಾಕಿ, ಟೈಮಿಂಗ್ (ಕ್ಲಾಕ್ ಲೆಕ್ಕದ ಕಾಯುವ ಸಮಯ) 18-20-20, ಗಿಯರ್‌ಡೌನ್ (ಆದೇಶಗಳಿಗೆ ಸ್ವಲ್ಪ ಸಡಿಲ ಕೊಡುವ ಸೆಟ್ಟಿಂಗ್) ಆನ್, ಎಫ್‌ಸಿಎಲ್‌ಕೆ (ಪ್ರೊಸೆಸರ್ ಒಳಗಿನ ಸಂಪರ್ಕದ ವೇಗ) 1800 ಕೊಟ್ಟೆ. 1.35 ವೋಲ್ಟ್‌ಗೆ ವಿಂಡೋಸ್ ತೆರೆಯಿತು. ರಾತ್ರಿ ಅಂಗಡಿ ಮುಚ್ಚುವಾಗ ಮೆಮೊರಿ ಪರೀಕ್ಷಿಸುವ ಟಿಎಂ5 ಸಾಫ್ಟ್‌ವೇರ್ ಹಚ್ಚಿ ಹೋದೆ, ಅದರ ಸೆಟ್ಟಿಂಗ್‌ಗೆ ಅಂಟಾ777 ಎಕ್ಸ್‌ಟ್ರೀಮ್ ಫೈಲ್. ಬೆಳಿಗ್ಗೆ ನೋಡಿದರೆ ಒಂದೂ ಎರರ್ ಇಲ್ಲ. ಖುಷಿಯೋ ಖುಷಿ. ಮಧ್ಯಾಹ್ನ ಸುಮ್ನೆ ಮತ್ತೊಮ್ಮೆ ಹಚ್ಚಿದರೆ ಹತ್ತು ಹದಿನೈದು ನಿಮಿಷದಲ್ಲಿ ಎರರ್ ಸುರಿಮಳೆ. ರಾತ್ರಿ ಮತ್ತೆ ಪಾಸ್. ಮಧ್ಯಾಹ್ನ ಮತ್ತೆ ಫೇಲ್.

ಎಲ್ಲರೂ ಹೇಳುವ ಮದ್ದು ಒಂದೇ: ವೋಲ್ಟೇಜ್ ಏರಿಸು. 1.40 ಕೊಟ್ಟೆ, 1.42 ಕೊಟ್ಟೆ, 1.45ರ ತನಕ ಹೋದೆ. ಎರರ್ ಇನ್ನೂ ಬೇಗ ಬರತೊಡಗಿತು. ಹೀಟ್‌ಸಿಂಕ್ ಇಲ್ಲದ ಸ್ಟಿಕ್‌ಗೆ ಮೇ ತಿಂಗಳ ಮಧ್ಯಾಹ್ನ ವೋಲ್ಟೇಜ್ ತುಂಬಿದರೆ ಇನ್ನೇನಾಗುತ್ತದೆ? ಅದೂ ಅಲ್ಲದೆ ಇ-ಡೈಯಲ್ಲಿ ಟಿಆರ್‌ಸಿಡಿ (ಟೈಮಿಂಗ್‌ನ ಎರಡನೇ ಸಂಖ್ಯೆ) ವೋಲ್ಟೇಜ್‌ಗೆ ಬಗ್ಗುವುದಿಲ್ಲ. 20 ಬೇಕು ಅಂದರೆ 20 ಬೇಕು. ಸ್ಯಾಮ್‌ಸಂಗ್‌ನ ಬಿ-ಡೈ ಚಿಪ್ ಇಟ್ಟುಕೊಂಡವರು ಬರೆದಿಟ್ಟ ಬುದ್ಧಿಮಾತು ನಮ್ಮ ಹಸಿರು ಸ್ಟಿಕ್‌ಗೆ ನಡೆಯಲ್ಲ.

ಬಗ್ಗಿದ್ದು ಟಿಆರ್‌ಎಫ್‌ಸಿ, ಅಂದರೆ ಮೆಮೊರಿ ತನ್ನ ಚಾರ್ಜ್ ಮತ್ತೆ ತುಂಬಿಕೊಳ್ಳಲು (ರಿಫ್ರೆಶ್) ಕೊಡುವ ಸಮಯ. ಇದು ಕ್ಲಾಕ್ ಲೆಕ್ಕದಲ್ಲಿರುವ ಸಂಖ್ಯೆ, ಅದನ್ನು ನ್ಯಾನೋಸೆಕೆಂಡಿಗೆ ತಿರುಗಿಸಿ ನೋಡಬೇಕು. 2666ರಲ್ಲಿ ಕಂಪನಿ ಕೊಟ್ಟ 467 ಅಂದರೆ 350 ನ್ಯಾನೋಸೆಕೆಂಡ್. 3600ರಲ್ಲಿ ಅದೇ 350 ಬೇಕಾದರೆ 630. ನಾನು ಬೇರೆಯವರ ಪಟ್ಟಿ ನೋಡಿ ಕೊಟ್ಟಿದ್ದು 520, ಅಂದರೆ 289. ಎಸಿ ರೂಮಿನಲ್ಲಿ ಕೂತವರಿಗೆ ಇ-ಡೈಯಲ್ಲಿ ಅದು ಸಲೀಸು. ಬಿಸಿ ಏರಿದಂತೆ ಮೆಮೊರಿ ಸೆಲ್‌ನ ಚಾರ್ಜ್ ಬೇಗ ಸೋರುತ್ತದೆ. ರಿಫ್ರೆಶ್‌ಗೆ ಕೊಟ್ಟ ಸಮಯವೂ ಕಡಿಮೆಯಾದರೆ ಸ್ಟಿಕ್ ಏನು ಮಾಡೀತು? 560 ಕೊಟ್ಟೆ, ಮಧ್ಯಾಹ್ನ ಒಂದೆರಡು ಎರರ್. 600 ಕೊಟ್ಟೆ, ವೋಲ್ಟೇಜ್ 1.37ಕ್ಕೆ ಇಳಿಸಿದೆ. ನಿಂತಿತು. 520ರಿಂದ 600ಕ್ಕೆ ಬಿಟ್ಟದ್ದಕ್ಕೆ ಲೇಟೆನ್ಸಿಯಲ್ಲಿ (ಡೇಟಾಗೆ ಕಾಯುವ ಸಮಯ) ಒಂದು ನ್ಯಾನೋಸೆಕೆಂಡ್ ಹೋಯಿತೇನೋ. ಗೇಮ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಆಗ ಮಾಡಿಕೊಂಡ ನಿಯಮ ಈಗಲೂ ಬಿಟ್ಟಿಲ್ಲ. ಟೆಸ್ಟ್ ಹಚ್ಚುವುದು ಮಧ್ಯಾಹ್ನ ಎರಡಕ್ಕೆ, ಕ್ಯಾಬಿನೆಟ್ ಮುಚ್ಚಿ, ಶಟರ್ ಅರ್ಧ ಇಳಿಸಿ. ರಾತ್ರಿ ಪಾಸಾದದ್ದನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ.

ಈ ಸ್ಟಿಕ್‌ಗಳಲ್ಲಿ ಉಷ್ಣತೆಯ ಸೆನ್ಸರ್ ಇಲ್ಲ, ಸಾಫ್ಟ್‌ವೇರ್‌ನಲ್ಲಿ ಏನೂ ಕಾಣಲ್ಲ. ಮಲ್ಟಿಮೀಟರ್ ಜೊತೆ ಬಂದ ಥರ್ಮೋಕಪಲ್ ತಂತಿಯನ್ನು ನಡುವಿನ ಚಿಪ್‌ಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್‌ನಿಂದ ಅಂಟಿಸಿದೆ. ರೂಮು 42 ಇದ್ದಾಗ ಚಿಪ್ 61 ತೋರಿಸಿತು. ಸತ್ತ ಎಲ್‌ಇಡಿ ಬಲ್ಬಿನ ಅಲ್ಯೂಮಿನಿಯಂ ಕತ್ತರಿಸಿ ಥರ್ಮಲ್ ಪ್ಯಾಡ್ ಹಾಕಿ ಕೂರಿಸಿದೆ. ಎರಡು ಮೂರು ಡಿಗ್ರಿ ಇಳಿಯಿತು, ಆಮೇಲೆ ಒಂದು ಕಳಚಿ ಬೋರ್ಡ್ ಮೇಲೇ ಬಿತ್ತು. ಪುಣ್ಯಕ್ಕೆ ಕರೆಂಟ್ ಇರಲಿಲ್ಲ. ಅಂಗಡಿಯ ಹುಲ್ಲಿನ ಕೂಲರ್ ತಿರುಗಿಸಿ ಇಟ್ಟರೆ ಚೆನ್ನಾಗಿಯೇ ಇಳಿಯಿತು. ಆದರೆ ಒದ್ದೆ ಗಾಳಿಗೆ ನಮ್ಮ ಊರಿನ ಧೂಳು ಸೇರಿ ಸ್ಲಾಟ್ ಸುತ್ತ ಕೆಸರಿನಂತೆ ಹತ್ತಿಕೊಂಡಿತು. ಮತ್ತೆ ರಬ್ಬರ್ ಹಿಡಿದು ಕಾಂಟ್ಯಾಕ್ಟ್ ಉಜ್ಜುವ ಕೆಲಸ. ಕೊನೆಗೆ ಉಳಿದದ್ದು ಬಿಟ್ಟಿ ಉಪಾಯ: ಸತ್ತ ಎಸ್‌ಎಂಪಿಎಸ್‌ನಿಂದ ಬಿಚ್ಚಿದ ಫ್ಯಾನ್, ಸ್ಟಿಕ್‌ಗಳ ಮೇಲೆ ಜಿಪ್ ಟೈ ಹಾಕಿ ಕಟ್ಟಿದ್ದು. ಮೊಲೆಕ್ಸ್ ಪವರ್ ಕನೆಕ್ಟರಿನ ಹಳದಿ ತಂತಿಗೆ (12 ವೋಲ್ಟ್) ಪ್ಲಸ್, ಕೆಂಪಿಗೆ (5 ವೋಲ್ಟ್) ಮೈನಸ್. 7 ವೋಲ್ಟ್‌ನಲ್ಲಿ ಸದ್ದಿಲ್ಲದೆ ತಿರುಗುತ್ತದೆ. 61 ಇದ್ದದ್ದು 50ಕ್ಕೆ ಬಂತು. ಖರ್ಚು ಜಿಪ್ ಟೈದಷ್ಟೇ.

ಕರೆಂಟ್ ವಿಷಯ ಹೇಳದಿದ್ದರೆ ಹೇಗೆ? ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಆರ್‌ಟಿಪಿಎಸ್ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) ಇದೆ. 1985ರಿಂದ ರಾಜ್ಯಕ್ಕೆಲ್ಲ ಕರೆಂಟ್ ಕೊಡುತ್ತಿದೆ. ನನ್ನ ಟೆಸ್ಟ್ ಮುಕ್ಕಾಲು ಮುಗಿದಾಗಲೇ ನಮ್ಮ ಓಣಿಯ ಲೈನ್ ಹೋಗುತ್ತದೆ. 16 ಜಿಬಿಗೆ ಎಕ್ಸ್‌ಟ್ರೀಮ್ ಫೈಲ್ ಮುಗಿಯಲು ಒಂದೂವರೆ ಎರಡು ಗಂಟೆ ಬೇಕು. 600 ವಿಎ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕೆ ಕೈ ಎತ್ತುತ್ತದೆ. ಮತ್ತೆ ಮೊದಲಿನಿಂದ.

ಆದರೆ ಅದೇ ಕರೆಂಟ್ ಒಂದು ರೋಗವನ್ನು ತೋರಿಸಿಕೊಟ್ಟಿತು. ರೀಸ್ಟಾರ್ಟ್ ಮಾಡಿದರೆ ಸಲೀಸಾಗಿ ಏಳುವ ಕಂಪ್ಯೂಟರ್, ಪೂರ್ತಿ ಕರೆಂಟ್ ಹೋಗಿ ಬಂದ ಮೇಲೆ ಮೂರು ಸಲ ಆಫ್ ಆನ್ ಆಗಿ 2666ಕ್ಕೇ ಬಂದು ನಿಲ್ಲುತ್ತಿತ್ತು. ಬೋರ್ಡ್ ಮೆಮೊರಿಯನ್ನು ಹೊಸದಾಗಿ ಟ್ರೈನ್ ಮಾಡುವಾಗ (ಅದರ ಸಿಗ್ನಲ್ ಹೊಂದಿಸಿಕೊಳ್ಳುವಾಗ) ಸೋಲುತ್ತಿತ್ತು. ಟಿಎಂ5 ಎಷ್ಟೇ ಪಾಸಾದರೂ ಇದು ಗೊತ್ತಾಗಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಖಾಲಿ ಮಾಡಿ, ಅರ್ಧ ಗಂಟೆ ಬಿಟ್ಟು ಹಚ್ಚಬೇಕು. ಬೆಳಿಗ್ಗೆ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ. ಇದನ್ನು ಸರಿಮಾಡಿದ್ದು ಬಯೋಸ್‌ನ ಪ್ರೊಕ್‌ಒಡಿಟಿ (ಪ್ರೊಸೆಸರ್ ಕಡೆಯ ಸಿಗ್ನಲ್ ರೆಸಿಸ್ಟನ್ಸ್) ಮತ್ತು ಆರ್‌ಟಿಟಿಯ (ಸ್ಟಿಕ್ ಕಡೆಯದು) ಮೂರು ಮೌಲ್ಯಗಳು. ಪ್ರೊಕ್‌ಒಡಿಟಿ 40ರ ಆಚೀಚೆ ಹುಡುಕಿ, ಸಿಗುತ್ತದೆ. ಆರ್‌ಟಿಟಿ ಮೂರನ್ನು ಹೇಳಲ್ಲ. ಅದು ನನ್ನ ಅಂಗಡಿಯ ಅನ್ನ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು, 5600ಜಿ ಥರದ್ದನ್ನು ಏರಿಸುವವರಿಗೆ ಮಾತ್ರ. ಟಿಎಂ5 ಓಡುವಾಗ ಒಳಗಿನ ಗ್ರಾಫಿಕ್ಸ್ ಸುಮ್ಮನೆ ಕೂತಿರುತ್ತದೆ. ಗೇಮ್ ಶುರುವಾದರೆ ಅದೂ ಬಿಸಿ, ಮೆಮೊರಿ ಕಂಟ್ರೋಲರ್ ಮೇಲೂ ಭಾರ. ನನ್ನ ಮೂರನೇ ಕಂಪ್ಯೂಟರ್ ಟಿಎಂ5 ಪಾಸಾಗಿ ಗೇಮ್‌ನಲ್ಲಿ ಬೀಳುತ್ತಿತ್ತು. ಆಮೇಲಿಂದ ಹಿಂದೆ ಫರ್‌ಮಾರ್ಕ್ (ಗ್ರಾಫಿಕ್ಸ್ ಮೇಲೆ ಭಾರ ಹಾಕುವ ಸಾಫ್ಟ್‌ವೇರ್) ಓಡಿಸಿಕೊಂಡೇ ಟಿಎಂ5 ಹಚ್ಚುತ್ತೇನೆ. ಆ ಕಂಪ್ಯೂಟರಿಗೆ ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) 1.1ರ ಹತ್ತಿರ ಸಾಕಾಯಿತು. ಕೊನೆಗೆ ದೊಡ್ಡ ಗೇಮ್‌ನ ಫೈಲ್ ಒಂದನ್ನು 7-ಜಿಪ್‌ನಲ್ಲಿ ಮೇಲಿಂದ ಮೇಲೆ ಬಿಚ್ಚಿಸುತ್ತೇನೆ. ಸಿಆರ್‌ಸಿ ಎರರ್ (ಬಿಚ್ಚಿದ ಡೇಟಾ ತಪ್ಪಿದೆ ಅನ್ನುವ ಸೂಚನೆ) ಒಂದು ಬಂದರೂ ಗಿರಾಕಿಗೆ ಕೊಡಲ್ಲ. ಇದೆಲ್ಲ ನಡೆಯುವುದು ಹಳೇ 120 ಜಿಬಿ ಎಸ್‌ಎಸ್‌ಡಿಯಲ್ಲಿ. ಅದರ ವಿಂಡೋಸ್ ಎಷ್ಟು ಸಲ ಹಾಳಾಗಿದೆಯೋ, ಲೆಕ್ಕ ಇಟ್ಟಿಲ್ಲ. ಗಿರಾಕಿಯ ಡಿಸ್ಕ್ ಹಾಕಿ ಟೆಸ್ಟ್ ಮಾಡುವವರನ್ನು ನೋಡಿದರೆ ನನಗೆ ಭಯ.

ಈ ಜೋಶ್‌ನಲ್ಲಿ ಒಂದು ಎಚ್410 ಬೋರ್ಡ್‌ಗೂ ಅದೇ ಸ್ಟಿಕ್ ಹಾಕಿ ನೋಡಿದೆ, 10ನೇ ತಲೆಮಾರಿನ ಐ3 ಜೊತೆ. ಅದು 2666ಕ್ಕೆ ಬೀಗ ಹಾಕಿದ ಮಾಲು, ಮೇಲೆ ಹೋಗಲ್ಲ ಅಂತ ಗೊತ್ತಿತ್ತು. ಟೈಮಿಂಗ್ ಮಾತ್ರ ಬಿಗಿ ಮಾಡಿದೆ. ಮೊದಲ ಸಂಖ್ಯೆ 19ರಲ್ಲಿದ್ದದ್ದು 14ಕ್ಕೆ ಬಂತು, 1.2 ವೋಲ್ಟ್‌ನಲ್ಲೇ. ಬಿಲ್ಲಿಂಗ್ ಕಂಪ್ಯೂಟರಿಗೆ ಅದರಿಂದ ಏನು ಉಪಯೋಗ ಅಂತ ಕೇಳಬೇಡಿ. ಬರುತ್ತಾ ಅಂತ ನೋಡಬೇಕಿತ್ತು, ಬಂತು.

ಫಲ ಏನು ಅಂತ ಕೇಳುತ್ತೀರಲ್ಲ. ವೇಗ ಅಳೆಯುವ ಐಡಾ64 ಸಾಫ್ಟ್‌ವೇರ್‌ನಲ್ಲಿ ರೀಡ್ ಸೆಕೆಂಡಿಗೆ 38-39 ಸಾವಿರ ಎಂಬಿ ಇದ್ದದ್ದು 52 ಸಾವಿರದ ಮೇಲೆ ಹೋಯಿತು. ಲೇಟೆನ್ಸಿ 80 ನ್ಯಾನೋಸೆಕೆಂಡಿನ ಹತ್ತಿರದಿಂದ 64ಕ್ಕೆ ಇಳಿಯಿತು. ಜಿಟಿಎ 5, 1080ರಲ್ಲಿ ಸೆಟ್ಟಿಂಗ್ ಕೆಳಗಿಟ್ಟು, ಸೆಕೆಂಡಿಗೆ 50 ಫ್ರೇಮ್ ಆಸುಪಾಸು ಓಡುತ್ತಿದ್ದದ್ದು 62-63. ಅದಕ್ಕಿಂತ ಮುಖ್ಯ, ಕಾರ್ ಜೋರಾಗಿ ಓಡಿಸುವಾಗ ಜಗ್ಗುತ್ತಿತ್ತಲ್ಲ, ಅದು ನಿಂತಿತು. ಆಡಲು ಬರುವ ಹುಡುಗರಿಗೆ ನ್ಯಾನೋಸೆಕೆಂಡ್ ಕಟ್ಟಿಕೊಂಡು ಏನಾಗಬೇಕು? ಅವರು ಹೇಳಿದ್ದು ಆ ಜಗ್ಗುವುದು ನಿಂತದ್ದನ್ನೇ.

4000ಕ್ಕೂ ಹೋಗಿ ಬಂದೆ. 5600ಜಿಗೆ ಎಫ್‌ಸಿಎಲ್‌ಕೆ 2000 ಕಷ್ಟ ಅಲ್ಲ, ಚಿಪ್‌ಲೆಟ್ ಇರುವ (ಒಂದೇ ಚಿಪ್ ಬದಲು ತುಂಡುಗಳನ್ನು ಜೋಡಿಸಿದ) ರೈಜೆನ್‌ಗಳಿಗಿಂತ ಸುಲಭವಾಗಿ ಏರುತ್ತದೆ. ನಾಲ್ಕರಲ್ಲಿ ಎರಡು ಜೋಡಿ 4000 ಮುಟ್ಟಿದವು, ಆದರೆ 1.45 ವೋಲ್ಟ್ ಕೇಳಿದವು. ಫ್ಯಾನ್ ಇದ್ದರೂ ಮಧ್ಯಾಹ್ನ ಎರರ್. ಸಿಕ್ಕಿದ್ದು ಮೂರು ನಾಲ್ಕು ಫ್ರೇಮ್. ವಾಪಸ್ 3600ಕ್ಕೆ ಇಳಿಸಿ, ಬಯೋಸ್‌ನಲ್ಲಿ ಪ್ರೊಫೈಲ್ ಸೇವ್ ಮಾಡಿ, ಕೋಲ್ಡ್ ಬೂಟ್ ಮತ್ತೆ ನೋಡಿ, ನಾಲ್ಕನ್ನೂ ಒಟ್ಟಿಗೆ ಆಟೋದಲ್ಲಿ ಹಾಕಿ ಕಳಿಸಿದೆ. ಗಿರಾಕಿಗೆ ಕಂಪ್ಯೂಟರ್ ಒಂದಕ್ಕೆ ಐನೂರರಂತೆ ಟ್ಯೂನಿಂಗ್ ಅಂತ ಬೇರೆಯೇ ಬಿಲ್ ಮಾಡಿದೆ. ಮೊದಲು ಮುಖ ಸಿಂಡರಿಸಿದ. ಎರಡು ಕಂಪ್ಯೂಟರ್ ಅಕ್ಕಪಕ್ಕ ಇಟ್ಟು ಒಂದನ್ನು 2666ರಲ್ಲಿ ಓಡಿಸಿ ತೋರಿಸಿದೆ. ಚೌಕಾಸಿ ಮಾಡದೆ ಕೊಟ್ಟ.