ಹೋದವರ ಸುದ್ದಿಯೇ ಇಲ್ಲದ ಮನೆಯಲ್ಲಿ ದಿನ ನಡೆಸುವುದು ಹೇಗೆ?

ಬನದ ಹುಣ್ಣಿಮೆಯ ಜಾತ್ರೆಗೆಂದು ಬಾದಾಮಿಗೆ ಹೋದ ನಮ್ಮ ಕಾಕಾ ಮುಧೋಳಕ್ಕೆ ವಾಪಸ್ ಬರಲಿಲ್ಲ. ಹದಿನಾಲ್ಕು ವರ್ಷವಾಯಿತು. ಹೆಣವೂ ಸಿಕ್ಕಿಲ್ಲ, ಸುದ್ದಿಯೂ ಇಲ್ಲ. ಸಾವಾದ ಮನೆಗೆ ಹೋದರೆ ಏನು ಮಾತಾಡಬೇಕೆಂದು ಊರಿಗೆಲ್ಲ ಗೊತ್ತು. ಇಂಥ ಮನೆಗೆ ಬಂದವರು ಮಾತ್ರ ತಪ್ಪು ಮಾತನ್ನೇ ಆಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪೊಲೀಸ್ ದೂರು ಕೊಡಿ. 24 ಗಂಟೆ ಕಾಯಬೇಕೆನ್ನುವ ನಿಯಮ ಇಲ್ಲ. ದೂರಿನ ಪ್ರತಿ ಜೋಪಾನವಾಗಿಡಿ. ಮುಂದೆ ಬ್ಯಾಂಕು, ವಿಮೆ, ಹೊಲದ ಉತಾರ ಎಲ್ಲಕ್ಕೂ ಅದು ಬೇಕು.

ಅಂಜನ ಹಾಕಿ ನೋಡುವವರ ಹತ್ತಿರ ಹೋಗಲೇಬೇಡಿ. ನಮ್ಮ ಮನೆಯ ಎರಡು ತೊಲ ಬಂಗಾರ ಅಲ್ಲೇ ಕರಗಿತು. "ದಕ್ಷಿಣಕ್ಕದಾನ" ಎಂಬ ಒಂದು ಮಾತು ನಂಬಿ ಅಪ್ಪ ತಿಂಗಳುಗಟ್ಟಲೆ ಅಲೆದರು.

ನಿಜವಾದ ಕಷ್ಟ ಮನೆಯೊಳಗೆ ಶುರುವಾಗುತ್ತದೆ. ಅಜ್ಜಿ "ಬರ್ತಾನ" ಎನ್ನುತ್ತಿದ್ದಳು. ಅಪ್ಪ "ಹೋದಾಂವ ಹೋದ" ಎನ್ನುತ್ತಿದ್ದರು. ಇಬ್ಬರನ್ನೂ ಒಂದೇ ಮಾತಿಗೆ ಒಪ್ಪಿಸಲು ಹೋಗಬೇಡಿ. ನಾವು ಹೋಗಿ ಕೆಟ್ಟೆವು. ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಳು. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಕಂಡು, ಈ ಥರದ ಅಗಲಿಕೆಗೆ "ಆಂಬಿಗ್ಯುಯಸ್ ಲಾಸ್", ಅಂದರೆ ಇತ್ಯರ್ಥವಾಗದ ಅಗಲಿಕೆ, ಎಂದು ಬೇರೆಯದೇ ಹೆಸರು ಕೊಟ್ಟರು. ಬಂದರೂ ಬರಬಹುದು, ಬರದೇನೂ ಇರಬಹುದು, ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಬದುಕಲು ಕಲಿಯಬೇಕು ಎನ್ನುತ್ತಾರೆ ಅವರು. ಮರೆವಿನ ಕಾಯಿಲೆಯಾಗಿ ಎದುರಿಗೇ ಕೂತು ಮಕ್ಕಳ ಗುರುತು ಹಿಡಿಯದ ಹಿರಿಯರಿರುವ ಮನೆಗೂ ಇದೇ ಮಾತು.

ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ. ಕಾಕಾನ ಫೋಟೊ ಆ ಸಾಲಿನಲ್ಲಿ ಇಡಬೇಕೋ ಬೇಡವೋ? ಮೂರು ವರ್ಷ ಇದೇ ಜಗಳ. ಕೊನೆಗೆ ಎದುರಿನ ಗೋಡೆಗೆ ಮೊಳೆ ಹೊಡೆದೆವು. ಹಾರ ಇಲ್ಲ, ಊದುಬತ್ತಿ ಇಲ್ಲ. ಕೆಳಗೆ ಮಣೆಯ ಮೇಲೆ ಅವರಿಗೆ ಇಷ್ಟವಾದ ಶೇಂಗಾ ಹೋಳಿಗೆ ಎರಡು. ಆಮೇಲೆ ಅದನ್ನು ಮಕ್ಕಳು ತಿನ್ನುತ್ತಾರೆ. ಅವತ್ತು ಅಜ್ಜಿಯೂ ಅಪ್ಪನೂ ಒಂದೇ ಪಂಕ್ತಿಯಲ್ಲಿ ಉಂಡರು. ನಿಮ್ಮ ಮನೆಗೆ ಹೊಂದುವ ಜಾಗ ನೀವೇ ಹುಡುಕಿ, ಆದರೆ ಎಲ್ಲರೂ ಕೂತು ಮಾತಾಡಿ ಹುಡುಕಿ.

ಬಳೆ, ಕುಂಕುಮದ ವಿಷಯದಲ್ಲಿ ಹೆಂಡತಿಯ ಮಾತೇ ಕೊನೆ. ಕಾನೂನಿನ ಲೆಕ್ಕ ಬೇರೆ. ಏಳು ವರ್ಷ ಸುದ್ದಿ ಬರಬೇಕಾದವರಿಗೇ ಬರದಿದ್ದರೆ, ಆ ವ್ಯಕ್ತಿ ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಹೀಗೆ ಹೇಳುತ್ತದೆ, ಹಳೆಯ ಕಾಯ್ದೆಯಲ್ಲೂ ಏಳೇ ವರ್ಷ. ಕಾಕಾನ ಹೆಂಡತಿ, ನಮ್ಮ ಕಾಕು, ಕೋರ್ಟಿಗೆ ಹೋದದ್ದು ಮಕ್ಕಳ ಹೆಸರಿಗೆ ಹೊಲ ಮಾಡಿಸಲು. ಆದೇಶ ಬಂದ ದಿನ ಓಣಿಯವರೊಬ್ಬರು "ಕಾಗದ ಬಂತಲ್ಲ, ಇನ್ಯಾಕ ಹಸಿರು ಬಳಿ?" ಎಂದರು. ಕಾಕು ಮಾತಾಡಲಿಲ್ಲ, ಸೆರಗು ಎಳೆದು ಕೈ ಮುಚ್ಚಿಕೊಂಡಳು. ದಯವಿಟ್ಟು ಹಾಗೆ ಕೇಳಬೇಡಿ.

ನಿದ್ದೆ, ಊಟ ಜಾಸ್ತಿ ದಿನ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ.

ಇನ್ನೊಂದು. ಹೋದವರಿಗೆ ಬಾಯಿಪಾಠವಿದ್ದ ಮನೆಯ ಫೋನ್ ನಂಬರನ್ನು ಬದಲಿಸಬೇಡಿ. ರಿಚಾರ್ಜ್ ಮುಗಿಯುವ ತಾರೀಖನ್ನು ನಾವು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ.