ಶಿವಮೊಗ್ಗಕ್ಕೆ ಮೊದಲ ಸಲ ಬರ್ತಿದ್ದೀರಾ? ಜೋಗಕ್ಕೆ ಹೊರಡುವ ಮುಂಚೆ ಒಂದು ದಿನ ಊರು ನೋಡಿ

ಎಷ್ಟೋ ಜನ ಶಿವಮೊಗ್ಗದಲ್ಲಿ ಇಳಿದ ಕೂಡಲೇ ಮುಂದಿನ ಬಸ್ಸು ಹುಡುಕುತ್ತಾರೆ. ಜೋಗ ಇಲ್ಲಿಂದ ಸುಮಾರು 100 ಕಿ.ಮೀ. ಇದೆ, ನಾಳೆ ಹೋದರಾಯ್ತು. ಇವತ್ತು ಊರಲ್ಲೇ ಇರಿ.

ರೈಲಲ್ಲಿ ಬರುವವರು ಶಿವಮೊಗ್ಗ ಟೌನ್ ನಿಲ್ದಾಣಕ್ಕೇ ಟಿಕೆಟ್ ಮಾಡಿಸಿ. ಬರೀ ಶಿವಮೊಗ್ಗ ಅಂತ ಚಿಕ್ಕ ನಿಲ್ದಾಣವೊಂದು ಅದಕ್ಕೂ ಮುಂಚೆ ಸಿಗುತ್ತದೆ, ಗಡಿಬಿಡಿಯಲ್ಲಿ ಅಲ್ಲಿ ಇಳಿಯಬೇಡಿ.

ಬಸ್ಸಲ್ಲಿ ಬಂದವರಿಗೆ ಮೊದಲು ಎದುರಾಗುವುದು ಗಲಾಟೆ. ಸರ್ಕಾರಿ, ಖಾಸಗಿ ಬಸ್ ಸ್ಟ್ಯಾಂಡು ಎರಡೂ ಹತ್ತಿರ ಹತ್ತಿರ. ಖಾಸಗಿ ಸ್ಟ್ಯಾಂಡಿನಲ್ಲಂತೂ ತೀರ್ಥಹಳ್ಳಿ, ಸಾಗರ, ಹೊಸನಗರ, ಶಿಕಾರಿಪುರ ಅಂತ ಒಂದೇ ಉಸಿರಿಗೆ ಕೂಗುತ್ತಿರುತ್ತಾರೆ, ಜೊತೆಗೆ ಹಾರ್ನ್ ಬೇರೆ. ಗಾಬರಿ ಬೇಡ. ಬೋರ್ಡ್ ಓದುತ್ತಾ ನಿಲ್ಲುವ ಬದಲು ಕೂಗುವವರನ್ನೇ ‘ಅಣ್ಣ, ಇಂಥ ಊರಿಗೆ ಯಾವ ಬಸ್ಸು?’ ಅಂತ ಕೇಳಿ. ಮಲೆನಾಡಿನ ಹಳ್ಳಿಗಳ ಓಡಾಟ ಜಾಸ್ತಿ ನಡೆಯುವುದು ಈ ಖಾಸಗಿ ಬಸ್ಸುಗಳಲ್ಲೇ, ಹಾಗಾಗಿ ಸಣ್ಣ ಸಣ್ಣ ಸ್ಟಾಪೂ ಅವರಿಗೆ ಗೊತ್ತಿರುತ್ತದೆ. ಹೆಣ್ಣುಮಕ್ಕಳು ಒಂದು ನೆನಪಿಡಿ, ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸಲ್ಲಿ ಟಿಕೆಟ್ ತಗೊಳ್ಳಬೇಕು, ಚಿಲ್ಲರೆ ಇರಲಿ.

ತಿಂಡಿ ಮುಗಿಸಿ ಗಾಂಧಿ ಬಜಾರಿಗೆ ಹೋಗಿ. ಕಾರು ಬೇಡವೇ ಬೇಡ. ಶಿವಪ್ಪ ನಾಯಕನ ಪ್ರತಿಮೆಯ ಹತ್ತಿರ ಶುರು ಮಾಡಿ ಸುಮ್ನೆ ನಡೆಯಿರಿ. ಹೂವು, ಬಟ್ಟೆ, ಪಾತ್ರೆ, ಕುಂಕುಮ, ನಡುವೆ ನುಗ್ಗುವ ಸ್ಕೂಟರುಗಳು. ನನಗೆ ಈ ಬಜಾರು ಇಷ್ಟವಾಗುವುದು ಮಲೆನಾಡಿನ ಕಾಲ ಇಲ್ಲಿ ಕಾಣುತ್ತದೆ ಅನ್ನುವುದಕ್ಕೆ. ಬೇಸಿಗೆ ಶುರುವಾದಾಗ ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಬರುತ್ತದೆ, ಮಳೆ ಹಿಡಿದ ಮೇಲೆ ಕಳಲೆ, ಅಂದರೆ ಎಳೆ ಬಿದಿರು. ಯಾವುದಾದರೂ ಅಕ್ಕನ ಹತ್ತಿರ ಕಳಲೆ ಹೇಗೆ ಮಾಡೋದು ಅಂತ ಕೇಳಿ ನೋಡಿ, ನೆನೆಹಾಕುವುದರಿಂದ ಹಿಡಿದು ಪಲ್ಯದವರೆಗೆ ಹೇಳಿಕೊಡುತ್ತಾರೆ.

ಅಲ್ಲಿಂದ ಕೋಟೆ ರಸ್ತೆಗೆ ನಡೆದೇ ಹೋಗಬಹುದು. ಶಿವಪ್ಪ ನಾಯಕನ ಅರಮನೆಯಲ್ಲಿ ಮರದ ದಪ್ಪ ಕಂಬಗಳನ್ನು, ಅಂಗಳದ ಹಳೆಯ ಶಿಲ್ಪಗಳನ್ನು ನಿಧಾನಕ್ಕೆ ನೋಡಿ. ಆಮೇಲೆ ತುಂಗೆಯ ದಡಕ್ಕೆ ಬನ್ನಿ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪವಿದೆ. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟೆಯ ಗೇಟು ತೆಗೆದು ನೀರು ಬಿಟ್ಟಾಗ ಊರಿನವರೆಲ್ಲ ಕೇಳುವುದು ಒಂದೇ, ಮಂಟಪ ಮುಳುಗಿತಾ? ಮುಳುಗಿದರೆ ಹೊಳೆ ತುಂಬಿದ ಹಾಗೆ, ಜನ ಕೊಡೆ ಹಿಡಿದು ನೋಡಲು ಬರುತ್ತಾರೆ. ನೀವೂ ನೋಡಿ, ಆದರೆ ಆಗ ನೀರಿಗೆ ಇಳಿಯಲೇಬೇಡಿ.

ಊರು ಯಾತರ ಮೇಲೆ ನಿಂತಿದೆ ಅಂತ ಗೊತ್ತಾಗಬೇಕಾದರೆ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಗಳ ಕಡೆ ಒಂದು ಸುತ್ತು ಹಾಕಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಅಡಿಕೆ, ಬೇರೆ ಬೇರೆ ರೇಟು. ಕ್ವಿಂಟಲಿಗೆ ಎಷ್ಟಾಯ್ತು ಅನ್ನುವುದರ ಮೇಲೆ ಇಲ್ಲಿ ಎಷ್ಟೋ ಮನೆಗಳ ಮದುವೆ, ಓದು ನಿಂತಿರುತ್ತದೆ. ಕೆಲಸಕ್ಕೆ ಅಡ್ಡ ನಿಲ್ಲಬೇಡಿ, ಫೋಟೋ ಬೇಕಾದರೆ ಕೇಳಿ ತೆಗೆಯಿರಿ.

ಮಾರನೇ ದಿನ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸು ಹತ್ತಿ, ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಇಳಿಸಿ ಅಂತ ಕಂಡಕ್ಟರಿಗೆ ಮೊದಲೇ ಹೇಳಿಬಿಡಿ. ಸುಮಾರು 14 ಕಿ.ಮೀ. ಅಷ್ಟೇ. ಆನೆಗಳಿಗೆ ಹಿನ್ನೀರಿನಲ್ಲಿ ಮೈ ತೊಳೆಸುವುದು ಬೆಳಿಗ್ಗೆಯೇ, ಮಧ್ಯಾಹ್ನ ಹೋದರೆ ಅವು ಕಾಡಿಗೆ ಹೋಗಿರುತ್ತವೆ. ವಾಪಸ್ ಬರಲು ರಸ್ತೆ ಬದಿ ನಿಂತು ಶಿವಮೊಗ್ಗ ಕಡೆಯ ಬಸ್ಸಿಗೆ ಕೈ ಮಾಡಿ.